ಚೀಟಿ ಅಕ್ಕನ ಮೂರನೇ ಸಾಲು

ನಮ್ಮ ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಫ್ರಿಜ್ಜಿಗೂ ಚೀಟಿ ಇದೆ, ಕತ್ತರಿಗೂ ಇದೆ, ಕಿಟಕಿಯ ಚಿಲಕಕ್ಕೂ ಇದೆ. ಎಲ್ಲವನ್ನೂ ಅಂಟಿಸಿದವರು ಒಬ್ಬರೇ, ಅದಕ್ಕೇ ಅವರು ಚೀಟಿ ಅಕ್ಕ. ಪ್ರತಿ ಚೀಟಿಯಲ್ಲೂ ಮೂರು ಸಾಲು: ಇಟ್ಟವರು ಯಾರು, ಇದರ ಜಾಗ ಎಲ್ಲಿ, ಇರುವುದು ಯಾರಿಗಾಗಿ. ಕೆಲಸಕ್ಕೆ ಸೇರಿದ ವಾರ ನಾನು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಕ್ಕವನ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ಅಕ್ಕ ಇಲ್ಲಿಗೆ ಬಂದದ್ದು ಸೀಸೆ ತೊಳೆಯುವ ಕೆಲಸಕ್ಕೆ. ರಿಪೋರ್ಟು ಹಿಡಿದು ಮೂರು ಮಹಡಿ ಹತ್ತಿಳಿಯುವುದೂ ಅವರ ಪಾಲಿಗೇ ಬಿತ್ತು. ಮಂಡಿನೋವು ಶುರುವಾದ ವರ್ಷ, ಯಾರೋ ಬಿಟ್ಟುಹೋಗಿದ್ದ ಪ್ರೋಗ್ರಾಮಿಂಗ್ ಪುಸ್ತಕವನ್ನು ಊಟದ ಬಿಡುವಿನಲ್ಲಿ ಓದತೊಡಗಿದರು. ಎರಡು ವರ್ಷಕ್ಕೆ, ರಿಪೋರ್ಟನ್ನು ಕುಳಿತಲ್ಲಿಂದಲೇ ವಾರ್ಡಿಗೆ ಕಳಿಸುವ ಪ್ರೋಗ್ರಾಮ್ ಬರೆದು ಮುಗಿಸಿದರು. ಹನ್ನೊಂದು ವರ್ಷದಿಂದ ಅದು ಓಡುತ್ತಿದೆ. ನಾಲ್ಕು ವರ್ಷ ಕಾಲೇಜಿನಲ್ಲಿ ಬೆಂಚು ಸವೆಸಿದ ನಾನು ಅದನ್ನು ನೋಡಿಕೊಳ್ಳಲು ನೇಮಕವಾದವನು. ಇಷ್ಟು ದಿನ ನೋಡಿದ್ದೇನೆ, ಅಷ್ಟೇ.

ಹೀಗಿರಲು ಮೇಲಿನಿಂದ ಆದೇಶ ಬಂತು. ಮಂಗಳವಾರ ಸಂಜೆ ನಾಲ್ಕರಿಂದ ಆಸ್ಪತ್ರೆಯ ಮುಖ್ಯ ಸರ್ವರ್ ಹೊಸ ಬಗೆಯ ಗೂಢಲಿಪಿಯಲ್ಲಿ ಬಂದ ರಿಪೋರ್ಟುಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಅಕ್ಕನ ಪ್ರೋಗ್ರಾಮ್ ಅಷ್ಟರೊಳಗೆ ಹೊಂದಿಕೊಳ್ಳದಿದ್ದರೆ ಅದನ್ನು ಕಿತ್ತುಹಾಕಿ ಹೊರಗಿನದನ್ನು ತರುತ್ತಾರೆ. ಅಕ್ಕ ಮತ್ತೆ ಸೀಸೆಯ ಕೋಣೆಗೆ.

ಮಂಗಳವಾರ ಬೆಳಗ್ಗೆ ಅಕ್ಕನ ಮೇಜಿನ ಮೇಲೆ ಹಳೆಯ ರಬ್ಬರ್ ಕೈಗವಸು ಕಂಡಿತು.

"ಇದ್ಯಾಕೆ ಅಕ್ಕಾ?"

"ತೂತು ಬಿದ್ದಿದೆಯಾ ಅಂತ ನೋಡ್ತಿದ್ದೆ. ಬೇಕಾಗಬಹುದಲ್ಲ."

ನನ್ನ ಮೀಸೆಗೆ ಅವಮಾನವಾಯಿತು. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಅದು ಬೇರೆ ಮಾತು. ಸಿದ್ಧ ಕೋಡಿನ ಕಂತೆಗೆ ನಮ್ಮ ಕಸುಬಿನಲ್ಲಿ ಲೈಬ್ರರಿ ಎನ್ನುತ್ತೇವೆ. ರಿಪೋರ್ಟನ್ನು ಗೂಢಲಿಪಿಗೆ ತಿರುಗಿಸಲು ನಮ್ಮ ಕಂಪ್ಯೂಟರಿನಲ್ಲಿದ್ದ ಲೈಬ್ರರಿ ಹಳೆಯದು, ಹೊಸ ಬಗೆ ಅದಕ್ಕೆ ಬಾರದು; ಕಿತ್ತರೆ ಅದನ್ನೇ ನೆಚ್ಚಿದ ಪ್ರಿಂಟರ್ ನಿಲ್ಲುತ್ತದೆ.

"ಹಳೇದನ್ನ ಮುಟ್ಟೋದೇ ಬೇಡ. ಹೊಸದನ್ನ ಬೇರೆ ಜಾಗದಲ್ಲಿ ಹಾಕ್ತೀನಿ. ಹತ್ತು ನಿಮಿಷ," ಎಂದೆ.

ಆಗ ಗಂಟೆ ಹತ್ತು. ಹೊಸ ಲೈಬ್ರರಿ ಹಾಕಿದ ಮೇಲೂ, ಬರೆದ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟಿಕೊಡುವ ಕಂಪೈಲರ್ ಹಳೆಯದರತ್ತಲೇ ಹೋಗಿ, ನೀನು ಹೇಳುವ ಹೆಸರುಗಳೇ ನನಗೆ ಗೊತ್ತಿಲ್ಲ ಎಂದಿತು. ಹೊಸದರ ದಾರಿ ತೋರಿಸಿದೆ. ಈಗ ಹೆಸರುಗಳನ್ನು ಹೊಸದರಿಂದ ಓದಿ, ಕೋಡನ್ನು ಲೈಬ್ರರಿಗೆ ಜೋಡಿಸುವಾಗ ಮಾತ್ರ ಹಳೆಯದರ ಬಾಗಿಲು ತಟ್ಟಿತು. ಕಿವಿ ಹಿಂಡಿ ಅಲ್ಲಿಗೂ ದಾರಿ ತೋರಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಕೊನೆಗೆ ಎರಡೂವರೆಗೆ ಪ್ರೋಗ್ರಾಮ್ ಸಿದ್ಧವಾಯಿತು. ನಾನೇ ಓಡಿಸಿ ನೋಡಿದೆ, ಓಡಿತು. ಕುರ್ಚಿಗೆ ಒರಗಿ ಕಾಲು ಚಾಚಿದೆ.

ಆದರೆ ದಿನವೂ ಅದನ್ನು ಓಡಿಸುವವನು ನಾನಲ್ಲ. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಬೇರೊಂದು ಖಾತೆಯಿದೆ, ಅಕ್ಕ ಅದನ್ನು 'ಪೋಸ್ಟ್‌ಮ್ಯಾನ್' ಎನ್ನುತ್ತಾರೆ. ಪೋಸ್ಟ್‌ಮ್ಯಾನ್ ಓಡಿಸಲು ಹೋದರೆ ಒಂದೇ ದೂರು: ಲೈಬ್ರರಿ ಸಿಗುತ್ತಿಲ್ಲ. ನನ್ನ ಕಣ್ಣೆದುರೇ ಇದೆಯಲ್ಲಾ! ಅಳಿಸಿ ಮತ್ತೆ ಕಟ್ಟಿದೆ. ಮೂರು ಸಲ. ಗಂಟೆ ಮೂರೂಕಾಲು.

"ಆ ಹೊಸ ಲೈಬ್ರರಿಗೆ ಚೀಟಿ ಬರೆದ್ಯಾ?" ಅಕ್ಕ ಕೇಳಿದರು.

"ಅಕ್ಕಾ, ಮನೆಗೆ ಬೆಂಕಿ ಬಿದ್ದಿರೋವಾಗ ಬಾಗಿಲಿಗೆ ಬಣ್ಣ ಹೊಡಿ ಅಂತೀರಲ್ಲ!"

"ಬಾಯಿ ಮುಚ್ಚಿ ಬರಿ."

ಹಲ್ಲು ಕಚ್ಚಿ ಬರೆದೆ. ಇಟ್ಟವರು: ನಾನು. ಜಾಗ: ನನ್ನ ಫೋಲ್ಡರ್. ಯಾರಿಗಾಗಿ: ಪೋಸ್ಟ್‌ಮ್ಯಾನ್.

ಅಕ್ಕ ಕನ್ನಡಕ ಏರಿಸಿ ಓದಿದರು. "ನಿನ್ನ ಫೋಲ್ಡರ್ ಒಳಗೆ ಅವನಿಗೆ ಹೋಗೋಕೆ ಬಿಡ್ತೀಯಾ?"

ನನ್ನ ಮುಖ ಇಂಗು ತಿಂದ ಮಂಗನದಾಯಿತು. ಆ ಫೋಲ್ಡರಿಗೆ ಮೊದಲ ತಿಂಗಳೇ, ನನ್ನನ್ನು ಬಿಟ್ಟು ಬೇರೆ ಯಾರೂ ಇಣುಕದಂತೆ ಬೀಗ ಜಡಿದಿದ್ದೆ. ಒಳಗಿದ್ದ ಘನವಾದ ಗುಟ್ಟೆಂದರೆ ನನ್ನ ರಾಜೀನಾಮೆ ಪತ್ರದ ಏಳು ಕರಡುಗಳು.

"ಅಲ್ವೋ ಇಂಜಿನಿಯರಪ್ಪಾ, ಸಕ್ಕರೆ ಡಬ್ಬಿ ನಿನ್ನ ಬೀರುವಿನಲ್ಲಿಟ್ಟು, ಬೀಗದ ಕೈ ಜೇಬಿಗೆ ಹಾಕ್ಕೊಂಡು, ಪಕ್ಕದ ಮನೆಯವರಿಗೆ ತಗೊಳ್ಳಿ ತಗೊಳ್ಳಿ ಅಂದ್ರೆ?"

ಬೀಗ ತೆಗೆಯಲು ನನ್ನ ಮಾನ ಒಪ್ಪಲಿಲ್ಲ. ಲೈಬ್ರರಿಯನ್ನು ಎಲ್ಲರೂ ಓದಬಹುದಾದ ಜಾಗದಲ್ಲಿ ಹೊಸದಾಗಿ ಹಾಕಿ, ದಾರಿ ಬದಲಿಸಿ, ಇನ್ನೊಮ್ಮೆ ಕಟ್ಟಿದೆ. ಮೂರು ಐವತ್ತೆರಡಕ್ಕೆ ಪೋಸ್ಟ್‌ಮ್ಯಾನ್ ತುಟಿಪಿಟಕ್ಕೆನ್ನದೆ ಎದ್ದು ನಡೆದ. ನಾಲ್ಕು ಹೊಡೆಯಿತು. ಅಕ್ಕ ಒಂದು ರಿಪೋರ್ಟು ಕಳಿಸಿದರು. ಇಬ್ಬರೂ ಫೋನ್ ನೋಡುತ್ತಾ ಕುಳಿತೆವು. ಅದು ಬಡಿದುಕೊಂಡಾಗ ಸ್ಪೀಕರ್ ಒತ್ತಿದೆ, ಮೂರನೇ ಮಹಡಿಯ ನರ್ಸಮ್ಮ.

"ರಿಪೋರ್ಟ್ ಬಂತು. ಅಕ್ಷರ ಯಾಕ್ರೀ ಇಷ್ಟು ಸಣ್ಣಗಿದೆ?"

"ಹನ್ನೊಂದು ವರ್ಷದಿಂದ ಅಷ್ಟೇ ಇದೆ ಸಿಸ್ಟರ್," ಎಂದರು ಅಕ್ಕ. ಬೈಸಿಕೊಂಡು ಅಷ್ಟು ಹಿಗ್ಗಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಫೋನಿಟ್ಟು, ಕಾಲು ಚಾಚಿ, ಎರಡೂ ಮಂಡಿಗಳನ್ನು ಮೆಲ್ಲಗೆ ತಟ್ಟಿಕೊಂಡರು.

ಆಮೇಲೆ ಕೈಗವಸು ಎತ್ತಿ ನನ್ನತ್ತ ಎಸೆದರು. "ತೂತಿಲ್ಲ. ಬೆಳಗ್ಗೆಯಿಂದ ಆರು ಲೋಟ ಚಹಾ ಕುಡಿದಿದ್ದೀಯ, ಹೋಗಿ ತೊಳಿ."

ಆರೂ ಲೋಟ ತೊಳೆದೆ. ಅಕ್ಕನದನ್ನೂ ಸೇರಿಸಿ ಏಳು.