ಅಜ್ಜನ ಕಿವಿಗೆ ಕೇಳುತ್ತಿದ್ದ ವಿಮಾನ

ವಿಮಾನದ ಸದ್ದು ಕೇಳಿದರೆ ಗಂಜಿಯ ಬಟ್ಟಲು ಬಿಟ್ಟು ಎಂಜಲು ಕೈಯಲ್ಲೇ ಅಂಗಳಕ್ಕೆ ಓಡುತ್ತಿದ್ದ ಕಾಲ ಅದು. ತೊಂಬತ್ತರ ದಶಕ. ಮೆಲ್ಕಾರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು, ಅದರ ಹಿಂದೆಯೇ ಮನೆ. ದೊಡ್ಡ ವಿಮಾನಗಳು ಎಲ್ಲೋ ದೂರದಲ್ಲಿ ಹೋಗುತ್ತಿದ್ದವು. ಆದರೆ ಘಟ್ಟದ ಕಡೆಯಿಂದ ಅಪರೂಪಕ್ಕೆ ಬಜಪೆಯ ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದ ಒಂದು ಪುಟ್ಟ ವಿಮಾನ ಮಾತ್ರ ನಮ್ಮ ತಲೆಯ ಮೇಲೆಯೇ ತಗ್ಗಿ ಹಾರುತ್ತಿತ್ತು. ಬಿಳಿ ಮೈಗೆ ಕೆಂಪು ಪಟ್ಟಿ, ಎರಡು ರೆಕ್ಕೆಗೂ ಒಂದೊಂದು ಫ್ಯಾನು. ಯಾವುದೋ ಕಂಪನಿಯ ಯಜಮಾನರ ಸ್ವಂತದ್ದಂತೆ, ಆಗಲೇ ಬಹಳ ಹಳೆಯದಂತೆ. ಊರಿಗೆಲ್ಲ ಅದು ‘ಧಣಿಗಳ ವಿಮಾನ’. ಅಷ್ಟು ಚೆಂದದ ವಿಮಾನವನ್ನು ನಾನು ಮತ್ತೆ ನೋಡಲಿಲ್ಲ.

ಅದು ಎಲ್ಲರಿಗಿಂತ ಮೊದಲು ಕೇಳಿಸುತ್ತಿದ್ದುದು ಅಜ್ಜನಿಗೆ. ತಮಾಷೆಯೆಂದರೆ, ಅಜ್ಜನಿಗೆ ಕಿವಿ ಮಂದ. ಗಲ್ಲಾದಲ್ಲಿ ಕೂತು, "ಪೇಪರ್ ಉಂಟಾ?" ಎಂದವರಿಗೆ "ಪತ್ರೊಡೆ ಮುಗೀತು" ಎನ್ನುತ್ತಿದ್ದರು. ಗಿರಾಕಿಗಳು ಬೇಕೆಂದೇ ಕೇಳಿ ನಗತೊಡಗಿದಾಗ ಅಪ್ಪ ಅಜ್ಜನನ್ನು ಗಲ್ಲಾದಿಂದ ಎಬ್ಬಿಸಿ ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿದರು. ತಾನೇ ಕಟ್ಟಿದ ಹೋಟೆಲಿನಲ್ಲಿ ಅಜ್ಜ ಗಿರಾಕಿಯಂತಾದರು. ನನಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು.

ಒಂದು ಮಧ್ಯಾಹ್ನ ಅಜ್ಜ ಬೆಂಚಿನಿಂದಲೇ ಬೆರಳೆತ್ತಿ "ಬಂತು" ಎಂದರು. ಗೋಳಿಬಜೆ ತಿನ್ನುತ್ತಿದ್ದವರೆಲ್ಲ ಸುಮ್ಮನಾದರು. ಏನೂ ಇಲ್ಲ. ಯಾರೋ ಕಿಸಕ್ಕೆಂದರು. ಆಮೇಲೆ ದೂರದಿಂದ ವೂಂ... ವೂಂ... ಎಂದು ಏರಿಳಿಯುವ ಆ ದಪ್ಪ ಸ್ವರ! ಬೆಂಚಿನ ಮೇಲಿನ ಗ್ಲಾಸುಗಳು ಗಿಣಿಗಿಣಿ ಎಂದವು.

"ಇವರು ಕಿವುಡರು ಅಂತ ಯಾರು ಮಾರಾಯ ಹೇಳಿದ್ದು?" ಎಂದ ಒಬ್ಬ ಲಾರಿ ಡ್ರೈವರ್.

ಅಜ್ಜನ ಮುಖ ನೋಡಬೇಕಿತ್ತು! ಅಂದಿನಿಂದ "ಧಣಿಗಳು ಬಂದ್ರಾ ಅಜ್ಜೇರೇ?" ಎಂದು ಕೇಳಿಯೇ ಜನ ಒಳಗೆ ಬರುತ್ತಿದ್ದರು. ಪತ್ರೊಡೆಯ ತಮಾಷೆ ನಿಂತಿತು.

ಮಾವನನ್ನು ಗಲ್ಫಿಗೆ ಕಳಿಸಲು ಬಜಪೆಗೆ ಹೋದ ದಿನ ಬೇಲಿಯಾಚೆ ಅದೇ ವಿಮಾನ ನಿಂತಿತ್ತು. ಅಲ್ಲಲ್ಲಿ ಬಣ್ಣ ಮಾಸಿದ್ದರೂ ಏನು ಠೀವಿ! ಮೊದಲು ಒಂದು ಫ್ಯಾನು ಕೆಮ್ಮಿ ತಿರುಗಿತು, ಆಮೇಲೆ ಇನ್ನೊಂದು. ಹುಲ್ಲೆಲ್ಲ ಮಲಗಿತು, ಎಣ್ಣೆ ಸುಟ್ಟ ವಾಸನೆ ಬಂತು. ಮಾವನನ್ನು ಮರೆತೇ ಬಿಟ್ಟ ಅಜ್ಜ ನನ್ನ ಅಂಗೈಯನ್ನು ತನ್ನ ಎದೆಗೆ ಒತ್ತಿಕೊಂಡರು.

"ಕಿವಿಗಲ್ಲ ಮಗಾ, ನನಗೆ ಇಲ್ಲಿ ಕೇಳ್ತದೆ."

ನಿಜಕ್ಕೂ ಅವರ ಎದೆ ಗುಂಯ್‌ಗುಡುತ್ತಿತ್ತು.

ಕೆಲವು ವರ್ಷಗಳ ಮೇಲೆ ಧಣಿಗಳು ಹೊಸ ವಿಮಾನ ತಂದರು. ಫ್ಯಾನಿಲ್ಲದ, ಸೀಟಿಯಂತೆ ಸಪೂರ ಸದ್ದಿನ ಜೆಟ್ಟು. ಮೊದಲ ಸಲ ಅದು ಬಂದಾಗ ಹೋಟೆಲಿನಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಅಜ್ಜ ಮಾತ್ರ ಎಲ್ಲರ ಮುಖ ನೋಡುತ್ತ ಕೂತಿದ್ದರು. ನಾನು ಓಡಿಹೋಗಿ ಅವರ ಕಿವಿಯಲ್ಲಿ ಕೂಗಿದೆ: "ಅಜ್ಜಾ, ಧಣಿಗಳ ವಿಮಾನ ಬಂತು!"

ಅಜ್ಜ ಆಕಾಶ ನೋಡಲಿಲ್ಲ. "ನೀನು ಹೇಳಿ ನನಗೆ ಗೊತ್ತಾಗುವುದಾದ್ರೆ ಅದು ಬೇರೆ ವಿಮಾನ ಮಗಾ" ಎಂದರು. ಮರುದಿನದಿಂದ ಬಾಗಿಲ ಬಳಿಯ ಬೆಂಚಿಗೆ ಅವರು ಬರಲಿಲ್ಲ.

ಈಗ ಯಾವ ವಿಮಾನ ಎಲ್ಲಿದೆ, ಯಾವಾಗ ಇಳಿಯುತ್ತದೆ ಎಂದು ನನ್ನ ಮಗಳು ಮೊಬೈಲಿನಲ್ಲಿ ತೋರಿಸುತ್ತಾಳೆ. ಬರುವ ಮೊದಲೇ ಎಲ್ಲರಿಗೂ ಗೊತ್ತು. ಅಂಗಳಕ್ಕೆ ಯಾರೂ ಓಡುವುದಿಲ್ಲ.