ಆಂಗ್ಲೋಗಳ ಮೇಜು

ಕೆಲಸಕ್ಕೆಂದು ಟೆಕ್ಸಾಸಿನ ರೌಂಡ್ ರಾಕ್‌ಗೆ ಬಂದ ಮೇಲೆ ಸಂಜೆ ಕಳೆಯಲೆಂದು ಹಳೆಯ ಪದಗಳ ಚರಿತ್ರೆ ಓದತೊಡಗಿದೆ. ಓದಿದ್ದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಹಾಗಾಗಿ, ಪರಿಚಯದ ಮೈಸೂರಿನ ಅಂಕಲ್ ಒಂದು ಭಾನುವಾರ ಊಟಕ್ಕೆ ಕರೆದಾಗ, ತಟ್ಟೆಯ ಮುಂದೆ ಕೂತ ಕೂಡಲೇ ಶುರು ಮಾಡಿದೆ.

“ಅಂಕಲ್, ನಾವು ಇಂಗ್ಲಿಷರನ್ನ ಆಂಗ್ಲರು ಅಂತೀವಲ್ಲ, ಅದು ಜರ್ಮನಿ ಕಡೆಯಿಂದ ದೋಣೀಲಿ ಇಂಗ್ಲೆಂಡಿಗೆ ಬಂದ ಒಂದು ಬುಡಕಟ್ಟಿನ ಹೆಸರು!”

“ಮೊದ್ಲು ಸಾರು ಹಾಕ್ಕೊಳಯ್ಯಾ, ಪ್ರೊಫೆಸರ್,” ಎಂದು ಅಂಕಲ್ ನಕ್ಕರು. “ಟೆಕ್ಸಾಸಲ್ಲಿ ಜರ್ಮನ್ನರು, ಜೆಕ್‌ಗಳು, ಬಿಳಿಯರೆಲ್ಲಾ ಆಂಗ್ಲೋನೇ. ಮೆಕ್ಸಿಕನ್ನರು ಮಾತ್ರ ಬೇರೆ. ನಾನು ಹ್ಯೂಸ್ಟನ್‌ನಲ್ಲಿ ಕೆಲಸಕ್ಕೆ ಸೇರಿದಾಗ ಕ್ಯಾಂಟೀನಲ್ಲಿ ಆಂಗ್ಲೋಗಳದ್ದೊಂದು ಮೇಜು, ಮೆಕ್ಸಿಕನ್ನರದ್ದೊಂದು. ಯಾರೂ ಬರಬೇಡ ಅನ್ಲಿಲ್ಲ. ನಂಗೇ ಎಲ್ಲಿ ಕೂರೋದು ಅಂತ ಗೊತ್ತಾಗ್ಲಿಲ್ಲ. ಒಂದು ವರ್ಷ ಕಾರಲ್ಲೇ ಊಟ ಮಾಡ್ದೆ.”

ನಾನು ಓದಿದ್ದರಲ್ಲಿ ಎಲ್ಲೂ ಇದಿರಲಿಲ್ಲ. ಸಾರು ಹಾಕಿಕೊಂಡೆ.

“ಈಗ ಹಾಗಿಲ್ಲ ಬಿಡು. ನೀನು ಆಫೀಸಲ್ಲಿ ಯಾರ ಜೊತೆ ಊಟ ಮಾಡ್ತೀಯ?”

ನಾನು ದಿನವೂ ಒಬ್ಬನೇ, ಫೋನ್ ನೋಡುತ್ತಾ ತಿನ್ನುತ್ತೇನೆ. ಯಾರಾದರೂ ಹೀಗೆ ಕೇಳಲಿ ಎಂದು ಎಷ್ಟೋ ತಿಂಗಳಿಂದ ಕಾದಿದ್ದೆ. ಆದರೂ, “ಎಲ್ರೂ ಒಟ್ಟಿಗೇ, ಅಂಕಲ್,” ಎಂದುಬಿಟ್ಟೆ.