ಗಂಜ್‌ ಸುತ್ತಿ ಬಂದ ತೊಗರಿ

ಕಮಲಾಪುರದ ಕಾಶಿರಾಯನನ್ನು ಯಾವ ಕೆಟ್ಟ ಸುದ್ದಿಯೂ ಒಂದು ಚಹಾ ಕುಡಿಯುವ ಹೊತ್ತಿಗಿಂತ ಹೆಚ್ಚು ಕಾಡಿದ್ದಿಲ್ಲ. ನೋಟು ರದ್ದಾದಾಗ ಊರೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತಿತ್ತು. ಈತ ಬಸ್‌ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಮೊದಲು "ಸುಳ್ಳು ಸುದ್ದಿ" ಎಂದ, ಅರ್ಧ ಕಪ್ಪಿಗೆ ಸರ್ಕಾರವನ್ನು ಬೈದ, ಕಪ್ಪಿನ ತಳ ಕಂಡಾಗ "ಆಗಿದ್ದು ಛಲೋನೇ ಆಯ್ತು" ಎಂದು ಎದ್ದ. ಲಾಕ್‌ಡೌನ್‌ ಸುದ್ದಿಗೂ ಅಷ್ಟೇ. ಹೋಟೆಲು ಮುಚ್ಚಿದ್ದರಿಂದ ಆ ಚಹಾ ಮನೆಯಲ್ಲಿ ಕುಡಿದ. ಊರವರು ಅವನದು ಗಟ್ಟಿ ಗುಂಡಿಗೆ ಎನ್ನುತ್ತಿದ್ದರು. ಪೆಟ್ಟು ಬೇರೆಯವರ ಮೈಮೇಲೆ ಬೀಳುತ್ತಿದ್ದರೆ ಯಾರ ಗುಂಡಿಗೆಯೂ ಗಟ್ಟಿಯೇ.

ಈ ಸಲದ ಪೆಟ್ಟು ಬಿದ್ದದ್ದು ಹೆಂಡತಿ ರೇವಮ್ಮನ ಮೊಣಕಾಲಿನ ಮೇಲೆ. ಕಲಬುರಗಿಯ ಸೇಡಂ ರಸ್ತೆಯ ಡಾಕ್ಟರು ಆಪರೇಷನ್‌ ಆಗಲೇಬೇಕು ಎಂದಿದ್ದರು. ತೊಗರಿ ಮಾರಿದ ದಿನವೇ ದವಾಖಾನೆಗೆ ಸೇರಿಸುತ್ತೇನೆಂದು ಕಾಶಿರಾಯ ಮಾತು ಕೊಟ್ಟ. ತೊಗರಿ ಒಕ್ಕಿ ರಾಶಿಯೂ ಆಯಿತು. ಅಷ್ಟರಲ್ಲಿ ಹೊರದೇಶದ ತೊಗರಿ ಹಡಗಿನಲ್ಲಿ ಬರುತ್ತಿದೆ ಎಂಬ ಸುದ್ದಿ ಮೊಬೈಲಿಗೆ ಬಂತು, ಧಾರಣೆ ದೊಪ್ಪನೆ ಬಿತ್ತು.

ಕಲಬುರಗಿಯ ಗಂಜ್‌ ಎಂಬ ಧಾನ್ಯದ ಮಾರುಕಟ್ಟೆಯಲ್ಲಿ, ಹರಾಜಿನ ಸವಾಲಿನಲ್ಲಿ ಕೂಗಿದ ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ವಾಪಸ್‌ ಒಯ್ಯಬಹುದು. ಈ ಹಕ್ಕನ್ನು ಕಾಶಿರಾಯನಷ್ಟು ಮನಸಾರೆ ಅನುಭವಿಸಿದವರಿಲ್ಲ. ಟೆಂಪೊದಲ್ಲಿ ಚೀಲಗಳು, ಚೀಲಗಳ ಪಕ್ಕದಲ್ಲಿ ದವಾಖಾನೆಗೆಂದು ಬಟ್ಟೆ ಗಂಟು ಕಟ್ಟಿಕೊಂಡ ರೇವಮ್ಮ. ದರ ಕೇಳಿದ ಕೂಡಲೇ ಈತ "ಒಲ್ಲೆ" ಅನ್ನುವುದು, ಚೀಲ, ಗಂಟು, ಹೆಂಡತಿ ಎಲ್ಲವೂ ಕಮಲಾಪುರಕ್ಕೆ ವಾಪಸ್‌. ಎರಡು ಸಲ ಹೀಗಾಯಿತು.

"ಏನ್‌ ಅಣ್ಣಾ, ತೊಗರಿಗಿ ಕಲಬುರಗಿ ಕೋಟೆನೂ ತೋರಿಸಿ ತಂದ್ಯೋ, ಬರೇ ಗಂಜೋ?" ಎಂದು ನೆರೆಮನೆಯ ಭೀಮಬಾಯಿ ಕೇಳಿದಳು.

ಕಾಶಿರಾಯ ಆಗಲೇ ಸಮಾಧಾನದ ಮೆಟ್ಟಿಲು ಹತ್ತಿ ಕೂತಿದ್ದ. "ಹಡಗಿನ ತೊಗರಿಗಿ ರುಚಿ ಎಲ್ಲಿಂದ ಬರ್ಬೇಕು? ಮಂದಿ ನಮ್ಮದೇ ಕೇಳ್ಕೋತ ಬರ್ತಾರ." ಹೆಂಡತಿಯ ಮೊಣಕಾಲಿನ ವಿಷಯದಲ್ಲೂ ಅವನಿಗೆ ಸಮಾಧಾನವೇ. ಒಂದು ಪ್ಲಾಸ್ಟಿಕ್‌ ಕುರ್ಚಿ ತಂದು ಒಲೆಯ ಮುಂದಿಟ್ಟು, "ಇದರ ಮ್ಯಾಲ ಕೂತು ರೊಟ್ಟಿ ಬಡಿ. ಎಲ್ಲಾದೂ ರೂಢಿ ಆಗ್ತದ" ಎಂದ. ಇಂಥ ಸಲಹೆ ಕೊಡುವ ಗಂಡಸರು ಜನ್ಮದಲ್ಲಿ ಒಂದು ರೊಟ್ಟಿ ಬಡಿದಿರುವುದಿಲ್ಲ. ರೇವಮ್ಮ ನೆಲಕ್ಕೇ ಕೂತು ಬಡಿದಳು, ಏಳುವಾಗ ಗೋಡೆ ಹಿಡಿದಳು.

ಮೂರನೆಯ ಸಲ ಗಂಜ್‌ಗೆ ಹೋದಾಗ ದರ ಇನ್ನೂ ಇಳಿದಿತ್ತು. ಕಾಶಿರಾಯ ತಲೆ ಅಲ್ಲಾಡಿಸಿದ. ಹಮಾಲರು ಚೀಲಕ್ಕೆ ಕೈ ಹಚ್ಚುವಷ್ಟರಲ್ಲಿ ರೇವಮ್ಮ ಹೋಗಿ ಒಂದು ಚೀಲದ ಮೇಲೆ ಕೂತುಬಿಟ್ಟಳು.

"ನೀವು ಬೇಕಾದ್ರ ಊರಿಗಿ ಹೋಗ್ರಿ. ನಾ ಮತ್ತ ಆ ಟೆಂಪೊ ಹತ್ತಂಗಿಲ್ಲ."

ಮಾಲು ಮಾರಿಸಿಕೊಡುವ ಅಡತ್ಯಾ ಲಾಲ್‌ ಅಹ್ಮದ್‌ ನಕ್ಕ. "ಕಾಕಾ, ಕಾಕಿ ಎದ್ರ ಅಲ್ಲೇನು ನೀವು ಮಾಲ್‌ ಒಯ್ಯೋದು? ದರ ಬರಕೊಳ್ಳಲೇನು?"

ಗಂಜ್‌ನ ಮಂದಿಯೆಲ್ಲ ನೋಡುತ್ತಿತ್ತು. ಕಾಶಿರಾಯ "ಹೂಂ" ಎಂದ. ತೊಗರಿ ಹೋಯಿತು, ಅದೇ ಸಂಜೆ ರೇವಮ್ಮ ದವಾಖಾನೆ ಸೇರಿದಳು.

ಆಪರೇಷನ್‌ ಆದ ಮರುದಿನ ಮೊಬೈಲಿಗೆ ಸುದ್ದಿ: ತೊಗರಿ ಏರಿದೆ. ದರ ಬಿದ್ದಾಗ ಹೇಳಿಕೊಳ್ಳುವ ಸಮಾಧಾನಗಳು ಕಾಶಿರಾಯನ ಬಳಿ ಬೇಕಾದಷ್ಟಿದ್ದವು, ಏರಿದ್ದಕ್ಕೆ ಒಂದೂ ಇರಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು ಮಂಚದ ಪಕ್ಕ ಕೂತ.

"ನಾಕ್‌ ದಿನ ತಡದಿದ್ರ..." ಎಂದ.

"ಯಾರು ತಡೀಬೇಕಿತ್ರೀ, ನೀವೋ ನಾನೋ?" ಎಂದಳು ರೇವಮ್ಮ. "ಏಳ್ರಿ, ಕೈ ಹಿಡೀರಿ. ನಡೀಬೇಕಂತ ಡಾಕ್ಟರು ಹೇಳ್ಯಾರ."

ಕಾಶಿರಾಯ ಮೊಬೈಲು ಕೆಳಗಿಟ್ಟು ಕೈ ಕೊಟ್ಟ. ಕಾಲು ನೆಲಕ್ಕೆ ಊರುತ್ತಲೇ ರೇವಮ್ಮ ಹಲ್ಲು ಕಚ್ಚಿ ಅವನ ಕೈಯನ್ನು ಹಿಂಡಿದ ಪರಿಗೆ ಅವನ ಕಣ್ಣಲ್ಲೇ ನೀರು ಬಂತು. "ಇಷ್ಟು ನೋಯ್ತದೇನು?" ಎಂದ.

"ಇದು ಮೊದಲಿಗಿಂತ ಕಮ್ಮಿ ಆಗ್ಯಾದ್ರಿ" ಎಂದಳು.